ತುಳಿದವನ ಹೆಸರು

ತಲೆಯ ಮೇಲೆ ಉದ್ದನೆಯ ಟೋಪಿ, ಕೈಯಲ್ಲೊಂದು ಬೆತ್ತ, ಮಿರಮಿರ ಮಿಂಚುವ ಬೂಟುಗಾಲನ್ನು ನೀಳವಾಗಿ ಮುಂದಕ್ಕೆ ಚಾಚಿ ಬಿರಬಿರನೆ ಸಾಗುತ್ತಿರುವ ಆ ಮಹಾಶಯನನ್ನು ಪಾನಾಸಕ್ತರಲ್ಲದವರು ಕೂಡ ಅಂಗಡಿಯ ಗಾಜಿನ ಈಚೆಯಿಂದಲಾದರೂ ಕಂಡೇ ಇರುತ್ತಾರೆ. ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್ ಎಂಬ ಊರಿನಲ್ಲಿ 1820ರಲ್ಲಿ ದಿನಸಿ ಅಂಗಡಿಯನ್ನು ತೆರೆದ ಜಾನ್ ವಾಕರ್ ಎಂಬಾತನ ಹೆಸರು ವಿಸ್ಕಿಯ ಸೀಸೆಗೇರಿ ಲೋಕಪ್ರಸಿದ್ಧವಾದ ಮೇಲೆ, 1908ರಲ್ಲಿ ಟಾಮ್ ಬ್ರೌನ್ ಎಂಬ ಚಿತ್ರಕಾರನು ಆ ಹೆಸರಿಗೆ ಬರೆದುಕೊಟ್ಟ ರೂಪ ಅದು. ವಾಕರ್ ಎಂದಮೇಲೆ ನಡೆಯುವವನಲ್ಲದೆ ಮತ್ತೇನೆಂದು ಚಿತ್ರಕಾರನು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಾವೂ ನೀವೂ ಹಾಗೆಯೇ ಎಣಿಸುತ್ತಿದ್ದೆವು. ಆದರೆ ನಿಜವಾದ ವಾಕರನ ಕಾಲಿಗೆ ಬೂಟು ಇರಲಿಲ್ಲ, ಮತ್ತು ಆತನು ದಿನವಿಡೀ ಕಾಲಾಡಿಸಿದರೂ ನಿಂತಲ್ಲಿಂದ ಒಂದು ಗಜ ಮುಂದೆ ಹೋಗುತ್ತಿರಲಿಲ್ಲ.

ಆತನು ಬಟ್ಟೆ ತುಳಿಯುವವನು. ಮಗ್ಗದಿಂದ ಇಳಿದ ಉಣ್ಣೆಯ ಬಟ್ಟೆ ನಮ್ಮ ಹತ್ತಿಯ ಪಂಚೆಯಂತೆ ಒಡನೆಯೇ ಉಡುವುದಕ್ಕೆ ಒದಗತಕ್ಕದ್ದಲ್ಲ. ಕುರಿಯ ಮೈಯ ಜಿಡ್ಡೂ ನೂಲುವಾಗ ಸವರಿದ ಎಣ್ಣೆಯೂ ಅದರಲ್ಲಿ ಅಂಟಿಕೊಂಡಿರುತ್ತವೆ; ಹಾಸುಹೊಕ್ಕುಗಳ ನಡುವೆ ಬೆಳಕು ತೂರುವಷ್ಟು ಸಂದು; ಉತ್ತರ ಇಂಗ್ಲೆಂಡಿನ ಮಳೆಗಾಳಿಗೆ ಅಂಥ ಬಟ್ಟೆ ಏನೇನೂ ಸಾಲದು. ಆದಕಾರಣ ಅದನ್ನು ಒಂದು ತೊಟ್ಟಿಯಲ್ಲಿ ಹಾಕಿ, ಮೇಲೆ ನೀರನ್ನೂ, ಮನೆಮನೆಯಿಂದ ಕೂಡಿಸಿ ತಂದು ಹಳಸಲು ಬಿಟ್ಟ ಮೂತ್ರವನ್ನೂ ಸುರಿದು, ಮೊಣಕಾಲಿನವರೆಗೆ ಉಡುಪನ್ನು ಎತ್ತಿ ಕಟ್ಟಿದ ಮನುಷ್ಯನೊಬ್ಬನು ಗಂಟೆಗಟ್ಟಲೆ ಬರಿಗಾಲಿನಿಂದ ತುಳಿಯುತ್ತಿದ್ದನು. ಹಳಸಿದ ಮೂತ್ರದ ಅಮೋನಿಯಾ ಜಿಡ್ಡನ್ನು ಬಿಡಿಸುವುದು. ಕಾಲಿನ ತುಳಿತದಿಂದ ಉಣ್ಣೆಯ ಎಳೆಗಳು ಒಂದರೊಡನೊಂದು ಹೆಣೆದುಕೊಂಡು, ಬಟ್ಟೆ ಅಗಲದಲ್ಲಿಯೂ ಉದ್ದದಲ್ಲಿಯೂ ಕುಗ್ಗಿ, ದಪ್ಪವಾಗಿ, ನೇಯ್ಗೆಯ ಗುರುತೇ ಕಾಣದಂತೆ ಬಿಗಿದುಕೊಳ್ಳುವುದು. ಕುಂಬಾರನು ಮಣ್ಣನ್ನು ತುಳಿದು ಹದ ಮಾಡುವುದನ್ನು ಕಂಡವರು ಈ ದೃಶ್ಯವನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ವಾಸನೆಯೊಂದನ್ನು ಮಾತ್ರ ತಾವೇ ಕೂಡಿಸಿಕೊಳ್ಳಬೇಕು. ಜಿಡ್ಡನ್ನು ಹೀರುವುದಕ್ಕಾಗಿ ಒಂದು ಬಗೆಯ ಜೇಡಿಮಣ್ಣನ್ನೂ ಹಾಕುತ್ತಿದ್ದರು. ಆ ಮಣ್ಣಿಗೆ ಇಂದಿಗೂ ಇಂಗ್ಲಿಷಿನಲ್ಲಿ ಫುಲ್ಲರನ ಮಣ್ಣು ಎಂದೇ ಹೆಸರು. ನಮ್ಮ ಹೆಣ್ಣುಮಕ್ಕಳು ಮುಲ್ತಾನಿ ಮಿಟ್ಟಿಯೆಂದು ಮುಖಕ್ಕೆ ಬಳಿದುಕೊಳ್ಳುವುದೂ ಅದನ್ನೇ.

ಹದಿನಾಲ್ಕನೆಯ ಶತಮಾನದ ಕವಿ ಲ್ಯಾಂಗ್‌ಲೆಂಡನಿಗೆ ಈ ಕಸುಬು ಅಷ್ಟು ಹತ್ತಿರದ ಪರಿಚಯವಾಗಿದ್ದಿತು. ಪಿಯರ್ಸ್ ಪ್ಲೌಮನ್ ಎಂಬ ತನ್ನ ಕಾವ್ಯದಲ್ಲಿ ದೀಕ್ಷಾಸ್ನಾನವಾಗದ ಕೂಸನ್ನು ಆತನು ತುಳಿಯದ ಬಟ್ಟೆಗೆ ಹೋಲಿಸಿದ್ದಾನೆ. ಅಂದಿನ ಇಂಗ್ಲಿಷಿನಲ್ಲಿ ಬಟ್ಟೆ ತುಳಿಯುವುದಕ್ಕೂ ಕ್ರೈಸ್ತದೀಕ್ಷೆ ಕೊಡುವುದಕ್ಕೂ ಒಂದೇ ಧ್ವನಿಯ ಎರಡು ಕ್ರಿಯಾಪದಗಳಿದ್ದುವಾಗಿ, ನಮ್ಮ ಕವಿಗಳ ಶ್ಲೇಷವನ್ನು ಸವಿದವರಿಗೆ ಈ ಹೋಲಿಕೆಯ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪದದ ವಿಚಾರ. ಪ್ರಾಚೀನ ಇಂಗ್ಲಿಷಿನ ವೆಯಲ್ಕನ್ ಎಂಬ ಧಾತುವಿಗೆ ಉರುಳು, ಹೊರಳು, ಹೊಯ್ದಾಡು ಎಂಬರ್ಥಗಳಿದ್ದುವು; ಕಡಲಿನ ಅಲೆ ಹೊರಳುವುದಕ್ಕೂ ಅದೇ ಮಾತು. ತೊಟ್ಟಿಯಲ್ಲಿ ಬಟ್ಟೆಯನ್ನು ಹೊರಳಿಸಿ ತುಳಿಯುವವನು ವೆಯಲ್ಕೆರೆ. ಕಾಲ್ನಡಿಗೆಯಿಂದ ಹೋಗುವುದೆಂಬ ಅರ್ಥ ಅದಕ್ಕೆ ಬಂದದ್ದು ಹದಿಮೂರನೆಯ ಶತಮಾನದ ಸುಮಾರಿಗೆ. ದಾಯಾದಿ ಭಾಷೆಯಾದ ಜರ್ಮನ್‌ನಲ್ಲಿ ವಾಲ್ಕನ್ ಎಂದರೆ ಇಂದಿಗೂ ಉಣ್ಣೆಯನ್ನು ಮಿದಿದು ಹದಗೊಳಿಸುವುದೇ ಹೊರತು ನಡೆಯುವುದಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದವು ತೊಟ್ಟಿಯನ್ನು ಬಿಟ್ಟು ಬೀದಿಗೆ ಹೊರಟುಹೋಯಿತು. ಅದರಿಂದ ಹುಟ್ಟಿದ ಹೆಸರು ಮಾತ್ರ ತೊಟ್ಟಿಯಲ್ಲಿಯೇ ನಿಂತಿತು.

ಒಂದೇ ಕಸುಬಿಗೆ ಸೀಮೆಗೊಂದು ಹೆಸರಿದ್ದುದು ಇನ್ನೊಂದು ವಿನೋದ. ಉತ್ತರದಲ್ಲಿ ವಾಕರನಾದವನು ಆಗ್ನೇಯ ಸೀಮೆಗಳಲ್ಲಿ ಫುಲ್ಲರ್. ಡೆವನ್, ಸಾಮರ್ಸೆಟ್‌ಗಳ ಕಡೆಯಲ್ಲಿ ಟಕರ್. ಫುಲ್ಲರನ ಮೂಲ ಲ್ಯಾಟಿನ್ನಿನದು. ಟಕರನ ಹಿಂದಿರುವ ಹಳೆಯ ಧಾತುವಿಗೆ ಹಿಂಸಿಸು ಎಂದು ಅರ್ಥವಂತೆ! ಬಟ್ಟೆಯ ಕಡೆಯಿಂದ ನೋಡಿದರೆ ಮೂರರಲ್ಲಿ ಇದೇ ಹೆಚ್ಚು ಪ್ರಾಮಾಣಿಕವಾದ ಹೆಸರು. ಎಕ್ಸೆಟರ್ ನಗರದಲ್ಲಿ ಈ ಕಸುಬಿನವರ ಸಂಘವು 1471ರಲ್ಲಿ ಕಟ್ಟಿಸಿದ ಟಕರ್ಸ್ ಹಾಲ್ ಇನ್ನೂ ನಿಂತಿದೆ.

ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದುಕೊಂಡ ಕಾಲಕ್ಕೆ ಅಲ್ಲಿಯ ಸಾಮಾನ್ಯರಿಗೆ ಒಂದೇ ಹೆಸರು. ಆಮೇಲೆ ವಿಲಿಯಂ, ಜಾನ್ ಮುಂತಾದ ನಾಲ್ಕಾರು ಹೆಸರುಗಳೇ ಎಲ್ಲರಿಗೂ ಪ್ರಿಯವಾಗಿ, ಒಂದೊಂದು ಹಳ್ಳಿಯಲ್ಲಿಯೂ ಹತ್ತು ಹತ್ತು ಜಾನರು ತುಂಬಿಕೊಂಡುದರಿಂದ, ಊರಿನಿಂದಲೋ, ತಂದೆಯ ಹೆಸರಿನಿಂದಲೋ, ಮೈಬಣ್ಣದಿಂದಲೋ, ಕಸುಬಿನಿಂದಲೋ ಅವರನ್ನು ಬೇರ್ಪಡಿಸಬೇಕಾಯಿತು. ತಲೆಗಂದಾಯ ವಸೂಲಿಗೆ ಬಂದ ಕರಣಿಕನಿಗಂತೂ ಇದು ಅನಿವಾರ್ಯ. ಹದಿನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ ಇಂಥ ಗುರುತಿನ ಹೆಸರುಗಳು ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಇಳಿಯತೊಡಗಿದ್ದುವು. ಆದರೆ ವಿಧಿಯ ಹಾಸ್ಯವನ್ನು ನೋಡಿ: ಹೆಸರು ಹೀಗೆ ವಂಶದಲ್ಲಿ ಬೇರೂರುತ್ತಿದ್ದ ಕಾಲದಲ್ಲಿಯೇ ತುಳಿಯುವ ಕಾಲುಗಳಿಗೆ ಕೆಲಸ ತಪ್ಪುತ್ತಿದ್ದಿತು. ಟೆಂಪ್ಲರ್ ಯೋಧರ ಆಸ್ತಿಯ ಕುರಿತು 1185ರಲ್ಲಿ ಬರೆದ ಲೆಕ್ಕಪತ್ರದಲ್ಲಿಯೇ, ಯಾರ್ಕ್‌ಷೈರಿನ ನ್ಯೂಸಮ್ಮಿನಲ್ಲಿ ಬಟ್ಟೆ ಬಡಿಯುವ ಗಿರಣಿಯೊಂದು ಕಾಣಿಸಿಕೊಂಡಿದೆ. ಹೊಳೆಯ ನೀರು ಚಕ್ರವನ್ನು ತಿರುಗಿಸುವುದು, ಚಕ್ರವು ಮರದ ಕೊಡತಿಗಳನ್ನು ಎತ್ತಿ ಎತ್ತಿ ಬಿಡುವುದು, ಕೊಡತಿ ಬಟ್ಟೆಯನ್ನು ಕುಟ್ಟುವುದು. ಮುಂದಿನ ನೂರು ವರ್ಷಗಳಲ್ಲಿ ಅಂಥ ಗಿರಣಿಗಳು ನಾಡಿನ ಹೊಳೆಹೊಳೆಯ ದಡದಲ್ಲಿಯೂ ಎದ್ದುವು. ತೊಟ್ಟಿಗೆ ಇಳಿಯದೆಯೇ ವಾಕರ್ ಎನಿಸಿಕೊಂಡವರು ಆಗಲೇ ಅನೇಕರಿದ್ದಿರಬೇಕು.

ಧಾರವಾಡದ ಕಡೆಯ ಅಡ್ಡಹೆಸರುಗಳನ್ನು ಬಲ್ಲವರಿಗೆ ಇದರಲ್ಲಿ ಅರ್ಧ ಕಥೆ ಪರಿಚಿತವೇ. ನನಗೆ ಗುರುತಿದ್ದ ಬಡಿಗೇರರೊಬ್ಬರು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ನೆರೆಮನೆಯವರನ್ನು ಕರೆಯುತ್ತಿದ್ದರು. ಆದಾಗ್ಯೂ ಬಡಿಗನೆಂದರೆ ಯಾರೆಂಬುದನ್ನು ಅವರೂ ಬಲ್ಲರು, ಅವರ ಹೆಸರನ್ನು ಕೇಳಿದವರೂ ಬಲ್ಲರು. ಹೂಗಾರ, ಕಮ್ಮಾರ, ಗಾಣಿಗೇರ, ಯಾವುದೂ ಕೇಳಿದವರನ್ನು ದಾರಿ ತಪ್ಪಿಸುವುದಿಲ್ಲ. ವಾಕರನಿಗಾದರೋ ಕಸುಬೂ ಹೋಯಿತು, ಕಸುಬನ್ನು ಹೇಳುತ್ತಿದ್ದ ಮಾತಿನ ಅರ್ಥವೂ ಹೋಯಿತು. ಹೋದ ಅರ್ಥದ ಜಾಗದಲ್ಲಿ ಇನ್ನೊಂದು ಅರ್ಥ ಬಂದು ಕುಳಿತು, ತಾನೇ ಹಕ್ಕುದಾರನೆಂದು ಎಲ್ಲರನ್ನೂ ನಂಬಿಸಿಬಿಟ್ಟಿತು.

ಈ ಹೊಸ ಹಕ್ಕುದಾರನನ್ನು ಹೊರಗೆ ಹಾಕಬೇಕೆಂದು ನಿಘಂಟನ್ನು ಕಂಕುಳಲ್ಲಿಟ್ಟುಕೊಂಡು ವಾದಕ್ಕೆ ಹೊರಡುವ ಚಪಲ ನನಗೂ ಇದ್ದಿತು. ಅದನ್ನು ಬಿಡಿಸಿದವರು ಅಮೆರಿಕದ ಕಾದಂಬರಿಕಾರ್ತಿ ಆಲಿಸ್ ವಾಕರ್. 1944ರಲ್ಲಿ ಜಾರ್ಜಿಯಾ ಸೀಮೆಯ ಈಟನ್‌ಟನ್ ಎಂಬಲ್ಲಿ ಜನಿಸಿದ ಈಕೆ, ಮದುವೆಯಾದ ಮೇಲೂ ತವರಿನ ಹೆಸರನ್ನು ಉಳಿಸಿಕೊಂಡುದಕ್ಕೆ ಕಾರಣವನ್ನು ಒಂದು ಪ್ರಬಂಧದಲ್ಲಿ ಹೇಳಿದ್ದಾರೆ. ಅವರ ಅಜ್ಜಿಯ ಅಜ್ಜಿಗೂ ಹಿಂದಿನವಳಾದ ಒಬ್ಬ ಹೆಂಗಸು, ದಾಸ್ಯದಲ್ಲಿದ್ದವಳು, ಸೊಂಟದ ಮೇಲೆ ಎರಡು ಕೂಸುಗಳನ್ನು ಹೊತ್ತು ವರ್ಜೀನಿಯಾದಿಂದ ಜಾರ್ಜಿಯಾಕ್ಕೆ, ನೂರಾರು ಮೈಲಿಗಳ ದೂರವನ್ನು, ನಡೆದೇ ಬಂದಳಂತೆ. ಆ ನಡಿಗೆಯ ನೆನಪಿಗಾಗಿ ತಾನು ವಾಕರ್ ಎಂಬ ಹೆಸರನ್ನು ಬಿಡಲಿಲ್ಲವೆಂದು ಅವರು ಬರೆಯುತ್ತಾರೆ. ತೊಟ್ಟಿಯ ಕಥೆಯನ್ನು ಅವರ ಮುಂದಿಟ್ಟು ತಿದ್ದಲು ಯಾವ ಪಂಡಿತನಿಗೆ ಧೈರ್ಯ ಬಂದೀತು? ಆ ಹೆಂಗಸಿನ ಕಾಲಿಗೂ ಬೂಟು ಇದ್ದಿರಲಾರದು.