ಅಗ್ನಿಶಾಮಕ ಸಿಬ್ಬಂದಿಯ ಕ್ಯಾನ್ಸರ್ ತಪಾಸಣೆ

ಬೆಂಕಿ ನಂದಿಸುವ ವೃತ್ತಿಯಲ್ಲಿ ಹೊಗೆ, ಮಸಿ, ರಾಸಾಯನಿಕಗಳಿಂದ ಬರಬಹುದಾದ ಕ್ಯಾನ್ಸರನ್ನು ಲಕ್ಷಣಗಳು ಕಾಣುವ ಮುನ್ನವೇ ಪತ್ತೆಹಚ್ಚಲು ಕಾಲಕಾಲಕ್ಕೆ ನಡೆಸುವ ಆರೋಗ್ಯ ಪರೀಕ್ಷೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ ಈ ವೃತ್ತಿಯನ್ನು ‘ಕ್ಯಾನ್ಸರ್ ತರಬಹುದಾದ’ ಗುಂಪಿನಲ್ಲಿ ಇಟ್ಟಿತ್ತು; 2022ರಲ್ಲಿ ‘ಕ್ಯಾನ್ಸರ್‌ಕಾರಕ’ವೆಂದೇ ಮೊದಲ ಗುಂಪಿಗೆ ಸೇರಿಸಿತು. ಮೂತ್ರಕೋಶದ ಕ್ಯಾನ್ಸರ್ ಮತ್ತು ಶ್ವಾಸಕೋಶದ ಹೊರಪೊರೆಗೆ ತಗಲುವ ಮೀಸೊಥೀಲಿಯೋಮಾ ಬಗ್ಗೆ ಸಾಕಷ್ಟು ಪುರಾವೆ ದೊರೆತಿದೆ. ದೊಡ್ಡ ಕರುಳು, ಪ್ರಾಸ್ಟೇಟ್, ವೃಷಣಗಳ ಕ್ಯಾನ್ಸರ್, ಮೆಲನೋಮಾ ಹಾಗೂ ಒಂದು ಬಗೆಯ ಲಿಂಫೋಮಾ ಬಗ್ಗೆ ಸಿಕ್ಕಿರುವ ಪುರಾವೆ ಸೀಮಿತ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ವಿಷಯಕ್ಕೆ ವಿಶೇಷ ತೂಕವಿದೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳು ಮತ್ತು ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳು, ಹೊಸಕೋಟೆಯ ಪಿಲ್ಲಗುಂಪೆ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ, ಹೆದ್ದಾರಿಗಳ ಬದಿಯಲ್ಲಿ ಎದ್ದಿರುವ ಗೋದಾಮುಗಳು: ಇಲ್ಲಿ ಬೆಂಕಿ ಬಿದ್ದರೆ ಉರಿಯುವುದು ಹುಲ್ಲಿನ ಬಣವೆಯಲ್ಲ, ಪಾಲಿಯೆಸ್ಟರ್ ನೂಲು, ಪ್ಲಾಸ್ಟಿಕ್, ಥಿನ್ನರ್. 2025ರ ಮೇ ತಿಂಗಳಲ್ಲಿ ನೆಲಮಂಗಲಕ್ಕೆ ಸಮೀಪದ ಅಡಕಮಾರನಹಳ್ಳಿಯಲ್ಲಿ ಎಣ್ಣೆ ಗೋದಾಮೊಂದು ಹೊತ್ತಿ ಉರಿಯಿತು. ಇಂಥ ಹೊಗೆಯಲ್ಲಿ ಬೆಂಜೀನ್ ಮುಂತಾದ ಕ್ಯಾನ್ಸರ್‌ಕಾರಕಗಳು ಇರುತ್ತವೆ. ಹಳೆಯ ಶೆಡ್ಡುಗಳ ಕಲ್ನಾರು ಶೀಟು ಕಾವಿಗೆ ಸಿಡಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಮೀಸೊಥೀಲಿಯೋಮಾಗೆ ಮುಖ್ಯ ಕಾರಣ ಅವೇ. ದೇವನಹಳ್ಳಿಯ ವಿಮಾನ ನಿಲ್ದಾಣದಂಥ ಕಡೆ ಇನ್ನೊಂದು ಪ್ರಶ್ನೆ ಏಳುತ್ತದೆ. ಇಂಧನದ ಬೆಂಕಿಗೆ ಜಗತ್ತಿನಾದ್ಯಂತ ದಶಕಗಳ ಕಾಲ ಬಳಸಿದ ನೊರೆ ದ್ರಾವಣಗಳಲ್ಲಿ ಫ್ಲೋರಿನ್ ಸಂಯುಕ್ತಗಳಿದ್ದವು. ಅವುಗಳಲ್ಲಿ ಪಿಎಫ್‌ಒಎ ಎಂಬುದನ್ನು 2023ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಲಾಯಿತು.

ಅಪಾಯ ಜ್ವಾಲೆಯ ಎದುರಿಗಷ್ಟೇ ಇಲ್ಲ. ಬೆಂಕಿ ಆರಿದ ಮೇಲೆ ಬೂದಿ ಕೆದಕಿ ಕೆಂಡ ಹುಡುಕುವಾಗ ಬಿಎ ಸೆಟ್ (ಉಸಿರಾಟದ ಸಾಧನ) ಕಳಚಿಟ್ಟವರ ಉಸಿರಿಗೆ ಸಣ್ಣ ಕಣಗಳು ಸೇರುತ್ತವೆ. ಕತ್ತು, ತೊಡೆಸಂದುಗಳ ಚರ್ಮದ ಮೂಲಕವೂ ವಿಷ ಒಳಗಿಳಿಯುತ್ತದೆ. ಮಸಿ ಮೆತ್ತಿದ ಸಮವಸ್ತ್ರವನ್ನು ಮನೆಗೆ ಒಯ್ದು ಒಗೆದರೆ ಅದು ಹೆಂಡತಿ ಮಕ್ಕಳನ್ನೂ ತಲುಪೀತು.

ಭಾರತದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮವು 30 ವರ್ಷ ದಾಟಿದವರಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಒತ್ತು ಕೊಡುತ್ತದೆ. ಇದು ಎಲ್ಲರಿಗೂ ಬೇಕಾದದ್ದೇ, ಆದರೆ ಅಗ್ನಿಶಾಮಕರ ಮೂತ್ರಕೋಶವನ್ನು ನೋಡುವುದಿಲ್ಲ. ಮೂತ್ರದಲ್ಲಿ ರಕ್ತದ ಅಂಶ ಮತ್ತು ಜೀವಕೋಶಗಳ ಪರೀಕ್ಷೆ, ಮಲದಲ್ಲಿ ರಕ್ತದ ಪರೀಕ್ಷೆ, ಚರ್ಮದ ಪರಿಶೀಲನೆ ಸರಳವಾದವು. ಇವನ್ನು ತಾಲ್ಲೂಕು ಮಟ್ಟದಲ್ಲೇ ಶುರುಮಾಡಿ, ಸಂಶಯ ಬಂದವರನ್ನು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಕಳಿಸಬಹುದು. ಮೀಸೊಥೀಲಿಯೋಮಾವನ್ನು ಮೊದಲೇ ಹಿಡಿಯುವ ಸಾಬೀತಾದ ತಪಾಸಣೆ ಇಲ್ಲ. ಅಲ್ಲಿ ರಕ್ಷಣೆಯೆಂದರೆ ಮುಖಕವಚ ಮತ್ತು ಸ್ನಾನ. ಸುಳ್ಳು ಸಂಶಯದಿಂದ ಅನಗತ್ಯ ಶಸ್ತ್ರಚಿಕಿತ್ಸೆಗಳೂ ಆಗಬಹುದಾದ್ದರಿಂದ ಎಲ್ಲರಿಗೂ ಎಲ್ಲ ಪರೀಕ್ಷೆ ಮಾಡಿಸುವುದು ಸರಿಯಲ್ಲ.

ತಪಾಸಣೆಯ ನಿಜವಾದ ಕಗ್ಗಂಟು ಕಾಲ. ಕಲ್ನಾರಿನ ಎಳೆ ಒಳಹೊಕ್ಕು ರೋಗವಾಗಲು 20ರಿಂದ 40 ವರ್ಷ ಹಿಡಿಯುತ್ತದೆ. ಕರ್ನಾಟಕದ ಸರ್ಕಾರಿ ನೌಕರರು 60ಕ್ಕೆ ನಿವೃತ್ತರು. ಸೇವೆಯಲ್ಲಿ ಇರುವವರೆಗೆ ಮಾತ್ರ ನಡೆಯುವ ತಪಾಸಣೆ, ರೋಗ ಬರುವ ಹೊತ್ತಿಗೆ ನಿಂತುಹೋಗಿರುತ್ತದೆ. ಅಮೆರಿಕವು 2018ರ ಕಾನೂನಿನಡಿ ರೂಪಿಸಿ 2023ರಲ್ಲಿ ತೆರೆದ ಅಗ್ನಿಶಾಮಕರ ರಾಷ್ಟ್ರೀಯ ಕ್ಯಾನ್ಸರ್ ದಾಖಲಾತಿಯಲ್ಲಿ ನಿವೃತ್ತರೂ ಹೆಸರು ನೋಂದಾಯಿಸಬಹುದು. ಇಲ್ಲಿಯೂ ಯಾರು ಯಾವ ಬೆಂಕಿಗೆ ಹೋಗಿದ್ದರು, ಅಲ್ಲಿ ಏನು ಉರಿಯುತ್ತಿತ್ತು ಎಂಬುದನ್ನು ಪ್ರತಿಯೊಬ್ಬರ ಆರೋಗ್ಯ ದಾಖಲೆಗೆ ಬರೆದಿಟ್ಟು ನಿವೃತ್ತಿಯ ದಿನ ಅವರ ಕೈಗೆ ಕೊಟ್ಟರೆ, ಮುಂದೆ ನೋಡುವ ವೈದ್ಯರಿಗೆ ಏನನ್ನು ಹುಡುಕಬೇಕೆಂದು ತಿಳಿಯುತ್ತದೆ.