ದಂತದ ಕ್ಷಕಿರಣ: ಫಿಲ್ಮು ಹಿಡಿದ ಕೈಗಳು

ಹಲ್ಲುನೋವೆಂದು ದಂತವೈದ್ಯರ ಬಳಿಗೆ ಹೋದರೆ ನಿಮ್ಮ ಬಾಯಲ್ಲೊಂದು ಪುಟ್ಟ ಫಿಲ್ಮನ್ನಿಟ್ಟು, “ಅಲುಗಬೇಡಿ” ಎನ್ನುತ್ತಾರೆ. ಕ್ಷಣಾರ್ಧದಲ್ಲಿ ಚಿತ್ರವಾಗುತ್ತದೆ. ಆದರೆ ಕೈಕಾಲು ತಾವಾಗಿಯೇ ಅದುರುವ ಹುಡುಗನಿಗೆ, ಹೇಳಿದ್ದು ತಿಳಿಯದೆ ಬೆದರುವ ಮಗುವಿಗೆ, ಮರೆವಿನ ರೋಗ ಹಿಡಿದ ಅಜ್ಜಿಗೆ ಈ ಮಾತು ಹೇಳಿ ಏನು ಫಲ? ಅಂಥವರ ಬಾಯಲ್ಲಿ ಫಿಲ್ಮನ್ನು ಹಿಡಿಯುವವರು ಯಾರು? ಪ್ರಶ್ನೆ ಚಿಕ್ಕದು, ಅದರ ಹಿಂದಿನ ಚರಿತ್ರೆ ದಾರುಣವಾದುದು.

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ಪ್ರಾಧ್ಯಾಪಕ ರಾಂಟ್‌ಗೆನ್ನರು ಹೊಸ ಕಿರಣವೊಂದನ್ನು ಕಂಡರು. ಅದರ ಸ್ವರೂಪ ತಿಳಿಯದಿದ್ದುದರಿಂದ, ಬೀಜಗಣಿತದಲ್ಲಿ ಅಜ್ಞಾತರಾಶಿಗೆ ಇಡುವ ಅಕ್ಷರವನ್ನೇ ಹೆಸರಾಗಿಟ್ಟರು. ಕನ್ನಡದಲ್ಲಿ ಅದು ‘ಕ್ಷ’ ಆಯಿತು. ಮರುವರ್ಷ ಜನವರಿಯಲ್ಲಿಯೇ ಬ್ರೌನ್‌ಷ್ವೈಗಿನ ಆಟೋ ವಾಲ್ಕಾಫ್ ಎಂಬ ದಂತವೈದ್ಯರು ಕಪ್ಪು ಕಾಗದ, ರಬ್ಬರು ಸುತ್ತಿದ ಗಾಜಿನ ಫಲಕವನ್ನು ತಮ್ಮ ಬಾಯಲ್ಲಿಟ್ಟುಕೊಂಡು 25 ನಿಮಿಷ ಅಲುಗದೆ ಇದ್ದರು. ಹಲ್ಲಿನ ಮೊದಲ ಕ್ಷಕಿರಣ ಚಿತ್ರ ಹೀಗೆ ಹುಟ್ಟಿತು.

ಅದೇ 1896ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರು ಈ ಕೆಲಸಕ್ಕೆ ಕೈಹಾಕಿದರು. ಕೈಹಾಕಿದರೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಕಿರಣ ಸರಿಯಾಗಿದೆಯೇ ಎಂದು ನೋಡಲು ಅವರು ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು. ವರ್ಷಗಳು ಕಳೆದಂತೆ ಅರ್ಬುದ ತಲೆದೋರಿತು. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ. ಬೆರಳು ಹೋಯಿತು, ಕೈ ಹೋಯಿತು, ಕೊನೆಗೆ ತೋಳೇ ಹೋಯಿತು. 1928ರಲ್ಲಿ ಅವರು ತಾವೇ ಪ್ರಾಣ ನೀಗಿಕೊಂಡರು.

ಎಚ್ಚರಿಸುವವರು ಇರಲಿಲ್ಲವೇ? ಇದ್ದರು. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರೋಲಿನ್ಸರು 1901ರಲ್ಲಿಯೇ ಗಿನಿಯಿಲಿಗಳ ಮೇಲೆ ಪರೀಕ್ಷಿಸಿ, ಈ ಕಿರಣ ಕೊಲ್ಲಬಲ್ಲುದೆಂದು ತೋರಿಸಿದರು. ಕೊಳವೆಗೆ ಸೀಸದ ಕವಚ ಹಾಕಿರಿ, ಬೇಡದ ಅಂಗಗಳನ್ನು ಮುಚ್ಚಿರಿ ಎಂದರು. ಬಹುಕಾಲ ಕೇಳಿದವರು ವಿರಳ.

ಕಳೆದ ಕೈಗಳು ಕಲಿಸಿದ ಪಾಠವಿದು: ವೈದ್ಯನಾಗಲಿ ಸಹಾಯಕನಾಗಲಿ ಫಿಲ್ಮನ್ನು ಕೈಯಲ್ಲಿ ಹಿಡಿಯಕೂಡದು. ಕಚ್ಚಿಕೊಳ್ಳುವ ಹಿಡಿಕೆಗಳಿವೆ. ಫಿಲ್ಮು ಗಂಟಲಿಗೆ ಜಾರೀತೆಂಬ ಭಯವಿದ್ದರೆ ಅದಕ್ಕೊಂದು ದಾರ ಕಟ್ಟುತ್ತಾರೆ. ಓಕರಿಕೆ ಬರುವವರಿಗೆ ಮುಂಭಾಗದ ಹಲ್ಲಿನಿಂದ ಆರಂಭಿಸಿ ಮೂಗಿನಿಂದ ಉಸಿರಾಡಲು ಹೇಳುತ್ತಾರೆ. ಬೆದರುವ ಮಗುವಿಗೆ ಮೊದಲು ಹೇಳಿ, ಆಮೇಲೆ ತೋರಿಸಿ, ಅನಂತರವೇ ಮಾಡುವ ಕ್ರಮವನ್ನು 1959ರಲ್ಲಿ ಆಡೆಲ್‌ಸ್ಟನ್ನರು ನಿರೂಪಿಸಿದರು. ಬಾಯೊಳಗೆ ಏನನ್ನೂ ತಾಳದವರಿಗೆ ಫಿನ್ಲೆಂಡಿನ ಪಾಟೆರೋ ಅವರಿಂದ ಉಪಕಾರವಾಯಿತು. 1940ರ ದಶಕದ ಕೊನೆಯಿಂದ ಅವರು ರೂಪಿಸಿದ ವಿಧಾನದಲ್ಲಿ ಇಡೀ ದವಡೆಯ ಚಿತ್ರ ಹೊರಗಿನಿಂದಲೇ ದೊರೆಯುತ್ತದೆ. ಆದರೆ ಕೆಲವು ಸೆಕೆಂಡು ತಲೆ ನಿಶ್ಚಲವಾಗಿರಬೇಕು.

ಈಗ ಕಿರಣದ ಪ್ರಮಾಣ ಅತ್ಯಲ್ಪ. ಆದುದರಿಂದ 2024ರಲ್ಲಿ ಅಮೆರಿಕದ ದಂತವೈದ್ಯ ಸಂಘವು ರೋಗಿಗೆ ಸೀಸದ ಹೊದಿಕೆ ವಾಡಿಕೆಯಾಗಿ ಬೇಕಿಲ್ಲವೆಂದಿತು. ಆದರೆ ಮಗುವನ್ನು ಹಿಡಿದುಕೊಳ್ಳಲೇಬೇಕಾದ ಮನೆಯವರ ಮಾತು ಬೇರೆ. ಅವರಿಗೆ ಸೀಸದ ಮೇಲಂಗಿ ಬೇಕು, ಅವರ ಕೈ ಕಿರಣದ ದಾರಿಗೆ ಬರಬಾರದು; ಗರ್ಭಿಣಿಯರು ಆ ಕೆಲಸಕ್ಕೆ ನಿಲ್ಲಬಾರದು.

ನಿಮ್ಮ ಮನೆಯಲ್ಲಿಯೂ ಅಂಥವರೊಬ್ಬರಿದ್ದರೆ ವೈದ್ಯರಿಗೆ ಮುಂಚಿತವಾಗಿ ತಿಳಿಸಿರಿ, ಈ ಚಿತ್ರ ಅವಶ್ಯವೇ ಎಂದು ಕೇಳಿರಿ, ಅವಸರ ಬೇಡವೆನ್ನಿರಿ. ಕೇಳಲು ಸಂಕೋಚವೇಕೆ? ಈ ಎಚ್ಚರಕ್ಕೆ ಹಿಂದಿನವರು ತಮ್ಮ ಕೈಗಳನ್ನೇ ತೆತ್ತಿದ್ದಾರೆ.