ಲಂಡನ್–ಸಿಡ್ನಿ ವಿಮಾನಮಾರ್ಗ: ದೂರ, ಇಂಧನ ಮತ್ತು ನಿಲುಗಡೆಗಳ ಚರಿತ್ರೆ

ಭೂಮಿ ಗೋಳಾಕಾರವಾಗಿರುವುದರಿಂದ ಎರಡು ವಿಮಾನ ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಮಹಾವೃತ್ತದ, ಅಂದರೆ ಭೂಮಿಯನ್ನು ಸರಿಯಾಗಿ ಎರಡು ಸಮಭಾಗ ಮಾಡುವ ವೃತ್ತದ, ಮೇಲೆ ಅಳೆಯಲಾಗುತ್ತದೆ. ಹಾಗೆ ಅಳೆದರೆ ಲಂಡನ್ನಿಗೂ ಸಿಡ್ನಿಗೂ ಸುಮಾರು 17,000 ಕಿ.ಮೀ. ಅಂತರ. ಈ ದಾರಿಯ ಪ್ರಯಾಣಕಾಲ ವಾರಗಳಿಂದ ಗಂಟೆಗಳಿಗೆ ಇಳಿದುದಕ್ಕೆ ವಿಮಾನದ ವೇಗ ಎಷ್ಟು ಕಾರಣವೋ, ನಡುದಾರಿಯ ನಿಲುಗಡೆಗಳು ಒಂದೊಂದಾಗಿ ಕಡಿಮೆಯಾದದ್ದೂ ಅಷ್ಟೇ ಕಾರಣ.

1919ರಲ್ಲಿ ಬ್ರಿಟನ್ನಿನಿಂದ ಮೂವತ್ತು ದಿನಗಳೊಳಗೆ ಹಾರಿ ಬರುವ ಆಸ್ಟ್ರೇಲಿಯನ್ನರಿಗೆ ಆಸ್ಟ್ರೇಲಿಯ ಸರ್ಕಾರ 10,000 ಪೌಂಡುಗಳ ಬಹುಮಾನ ಘೋಷಿಸಿತು. ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಸಹೋದರರು ಇಬ್ಬರು ಮೆಕ್ಯಾನಿಕ್‌ಗಳೊಡನೆ ವಿಕರ್ಸ್ ವಿಮಿ ವಿಮಾನದಲ್ಲಿ ನವೆಂಬರ್ 12ರಂದು ಹೊರಟು ಡಿಸೆಂಬರ್ 10ರಂದು ಡಾರ್ವಿನ್ ತಲುಪಿದರು. ಅವರು ಆಕಾಶದಲ್ಲಿ ಕಳೆದದ್ದು ಸುಮಾರು 135 ಗಂಟೆ, ಅಂದರೆ ಒಟ್ಟು ಕಾಲದ ಐದನೆಯ ಒಂದು ಭಾಗ ಮಾತ್ರ. ಉಳಿದುದೆಲ್ಲ ನೆಲದ ಮೇಲಿನ ಕಾಲ. ಜಾವಾದ ಸುರಬಾಯದಲ್ಲಿ ಕೆಸರಿನಲ್ಲಿ ಹೂತ ವಿಮಾನ ಮೇಲೇರಿದ್ದು ಸ್ಥಳೀಯರು ತಂದ ಬಿದಿರು ಚಾಪೆಗಳನ್ನು ಹಾಸಿ ಮಾಡಿದ ಓಡುದಾರಿಯಿಂದ.

1935ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಮತ್ತು ಆಸ್ಟ್ರೇಲಿಯದ ಕ್ವಾಂಟಾಸ್ ವಿಮಾನ ಸಂಸ್ಥೆಗಳು ಸೇರಿ ಲಂಡನ್–ಬ್ರಿಸ್ಬೇನ್ ನಡುವೆ ಪ್ರಯಾಣಿಕರ ಸೇವೆ ಆರಂಭಿಸಿದಾಗ ಹನ್ನೆರಡೂವರೆ ದಿನ ಹಿಡಿಯುತ್ತಿತ್ತು. ಯುರೋಪಿನ ಒಂದು ಭಾಗವನ್ನು ರೈಲಿನಲ್ಲಿಯೇ ದಾಟಬೇಕಿತ್ತು, ಕರಾಚಿ, ಅಲಹಾಬಾದ್, ಕಲ್ಕತ್ತಗಳು ಈ ಮಾರ್ಗದ ಮುಖ್ಯ ನಿಲುಗಡೆಗಳಾಗಿದ್ದವು.

ನಿಲ್ಲದೆ ಹಾರಿದರೆ ತೆರಬೇಕಾದ ಬೆಲೆ ಏನೆಂಬುದನ್ನು ಯುದ್ಧಕಾಲ ತೋರಿಸಿತು. 1942ರಲ್ಲಿ ಸಿಂಗಪುರ ಜಪಾನಿನ ವಶವಾಗಿ ಹಳೆಯ ದಾರಿ ಮುಚ್ಚಿಹೋದ ಮೇಲೆ, 1943ರಿಂದ ಕ್ವಾಂಟಾಸಿನ ಕ್ಯಾಟಲಿನಾ ವಿಮಾನಗಳು, ಅಂದರೆ ನೀರಿನ ಮೇಲೆ ಇಳಿದು ಏರಬಲ್ಲ ಹಾರುದೋಣಿಗಳು, ಪರ್ತ್‌ನಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ ರೇಡಿಯೊ ಮೌನದಲ್ಲಿ, ನಕ್ಷತ್ರಗಳನ್ನು ನೋಡಿ ದಿಕ್ಕು ಹಿಡಿದು ಹಾರಿದವು. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯಗಳು ಕಾಣುವಷ್ಟು ದೀರ್ಘವಾಗಿದ್ದ ಈ ಪ್ರಯಾಣ ಕೆಲವೊಮ್ಮೆ ಮೂವತ್ತು ಗಂಟೆ ಮೀರುತ್ತಿತ್ತು. ಇಂಧನದ ಭಾರದಿಂದಾಗಿ ಮೂವರು ಪ್ರಯಾಣಿಕರಿಗೆ ಮತ್ತು 69 ಕಿಲೊ ಅಂಚೆಗೆ ಮಾತ್ರ ಜಾಗವಿತ್ತು.

1947ರ ಡಿಸೆಂಬರ್‌ನಲ್ಲಿ ಕ್ವಾಂಟಾಸ್ ಸಿಡ್ನಿಯಿಂದ ಲಂಡನ್ನಿಗೆ ಆರಂಭಿಸಿದ ಕಾನ್‌ಸ್ಟಲೇಷನ್ ವಿಮಾನಸೇವೆ ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೋ, ಟ್ರಿಪೊಲಿಗಳಲ್ಲಿ ಇಳಿದು ನಾಲ್ಕು ದಿನಗಳಲ್ಲಿ ಗುರಿ ಸೇರುತ್ತಿತ್ತು. 1989ರಲ್ಲಿ ಬೋಯಿಂಗ್ 747-400 ಲಂಡನ್ನಿನಿಂದ ಸಿಡ್ನಿಗೆ ಎಲ್ಲಿಯೂ ಇಳಿಯದೆ 20 ಗಂಟೆ 9 ನಿಮಿಷಗಳಲ್ಲಿ ಬಂದಿತಾದರೂ, ಅದರಲ್ಲಿದ್ದವರು ಬೆರಳೆಣಿಕೆಯ ಜನ. ಹಗುರವಾದ ಕಾರ್ಬನ್ ನಾರಿನ ಒಡಲು ಮತ್ತು ಮಿತವಾಗಿ ಇಂಧನ ಉರಿಸುವ ಎಂಜಿನುಗಳಿರುವ ಬೋಯಿಂಗ್ 787 ಬಂದ ಮೇಲೆಯೇ, 2018ರ ಮಾರ್ಚ್‌ನಲ್ಲಿ, ಪರ್ತ್–ಲಂಡನ್ ನಡುವಿನ ಸುಮಾರು 14,500 ಕಿ.ಮೀ. ದೂರವನ್ನು ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಸುಮಾರು 17 ಗಂಟೆಗಳಲ್ಲಿ ನೇರವಾಗಿ ದಾಟುವಂತಾಯಿತು.

ಹೀಗೆ ಪ್ರಯಾಣ ಕಿರಿದಾದಂತೆ ಕರಾಚಿ, ಕಲ್ಕತ್ತಗಳಂಥ ಊರುಗಳು ಈ ದಾರಿಯ ವೇಳಾಪಟ್ಟಿಯಿಂದ ಮರೆಯಾದವು. ಇಂಧನ ತುಂಬಿ, ಎಂಜಿನು ದುರಸ್ತಿ ಮಾಡಿ, ಇಳಿದವರಿಗೆ ಊಟ ವಸತಿ ಒದಗಿಸಿದ ಅಲ್ಲಿನ ಜನರ ದುಡಿಮೆಯಿಲ್ಲದೆ ಈ ಮಾರ್ಗ ಹುಟ್ಟುತ್ತಲೇ ಇರಲಿಲ್ಲವಾದ್ದರಿಂದ, ವಿಮಾನಯಾನದ ಚರಿತ್ರೆಯಲ್ಲಿ ವಿಮಾನಚಾಲಕರಿಗೆ ಸಲ್ಲುವ ಗೌರವ ಆ ಊರುಗಳಿಗೂ ಸಲ್ಲಬೇಕು.